ಕಾರಿನಿಂದ ಇಳಿಸಿಬಿಟ್ಟ ಧಾರವಾಡ

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆ ಹೊಸ ಕಾರು ಮನೆಗೆ ಬಂದರೆ ಮೊದಲು ಪೂಜೆಯಾಗುತ್ತದೆ. ಗಾಲಿಯಡಿ ಇಟ್ಟ ನಿಂಬೆಹಣ್ಣಿನ ಹುಳಿ ಆರುವ ಮುನ್ನ ಎರಡನೆಯ ಸಂಸ್ಕಾರವೂ ನಡೆಯುತ್ತದೆ. ಕಂಪನಿಯವರು ಕೂಡಿಸಿ ಕಳಿಸಿದ ಸ್ಟೀರಿಯೋವನ್ನು ಕಿತ್ತು, ಪೇಟೆಯಿಂದ ತಂದ ದೊಡ್ಡ ಪರದೆಯ ಸೆಟ್ಟನ್ನು ಹಾಕಿಸುವುದೇ ಆ ಸಂಸ್ಕಾರ. ಹಳೆಯ ಗಾಡಿಯವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಬಣ್ಣ ಮಾಸಿರಬಹುದು, ಬಾಗಿಲು ಕಿರುಗುಟ್ಟಬಹುದು, ಒಳಗಿನ ಸೆಟ್ಟು ಮಾತ್ರ ಈ ವರ್ಷದ್ದಾಗಿರಬೇಕು. ಅವರವರ ದುಡ್ಡು, ಅವರವರ ಹವ್ಯಾಸ. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧವಿದೆ. ಗಡಿನಾಡಿನಲ್ಲಿ ಆ ಪೆಟ್ಟಿಗೆಯ ಜೊತೆಗೆ ಧಾರವಾಡವೂ ಕಲಬುರಗಿಯೂ ನಮ್ಮ ಗಾಡಿಯಿಂದ ಇಳಿದು ಹೋಗುತ್ತಿವೆ. ಇಳಿಸುತ್ತಿರುವವರು ಬೇರೆ ಯಾರೂ ಅಲ್ಲ, ನಾವೇ.

ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಆಗ ರಾಜ್ಯಗಳ ಇಂದಿನ ಗೆರೆಗಳು ಇರಲಿಲ್ಲ. 1956ರಲ್ಲಿ ಗೆರೆ ಬಿತ್ತು, ನಾವು ಆಚೆ ಉಳಿದೆವು. ಶಾಲೆಯ ಪಠ್ಯಪುಸ್ತಕ, ತಹಶೀಲ ಕಚೇರಿಯ ಅರ್ಜಿ, ಪಹಣಿಯ ಉತಾರ, ಬಸ್ಸಿನ ಫಲಕ ಎಲ್ಲಕ್ಕೂ ಆ ಗೆರೆ ತಾಗಿತು. 765 ಕಿಲೋಹರ್ಟ್ಸ್‌ನ ಅಲೆಗೆ ಮಾತ್ರ ತಾಗಲಿಲ್ಲ. ತಪಾಸಣಾ ನಾಕೆಯಲ್ಲಿ ಅದನ್ನು ಯಾರೂ ತಡೆದು ಕಾಗದಪತ್ರ ಕೇಳಲಿಲ್ಲ. 1966ರಲ್ಲಿ ಕಲಬುರಗಿ ಕೇಂದ್ರ ಬಂದ ಮೇಲೆ 1107 ಕಿಲೋಹರ್ಟ್ಸ್‌ನ ಅಲೆಯೂ ಅಕ್ಕಲಕೋಟೆಯ ಅಟ್ಟ ಅಟ್ಟಗಳಿಗೆ ಇಳಿಯಿತು. ಕನ್ನಡ ಶಾಲೆಗೆ ಶಿಕ್ಷಕರಿಲ್ಲದ ವರ್ಷಗಳಲ್ಲಿಯೂ ನಮ್ಮ ಹೊಲಗಳಲ್ಲಿ ಕನ್ನಡದ ಕೃಷಿ ಸಮಾಚಾರ ಕೇಳಿತು, ತತ್ವಪದ ಕೇಳಿತು, ಪ್ರದೇಶ ಸಮಾಚಾರ ಕೇಳಿತು.

ಈ ನಂಟು ನಮ್ಮ ನೆಲದಿಂದಲೇ ಬೆಳೆದದ್ದೆಂಬುದನ್ನು ಇಂದಿನ ಹುಡುಗರಿಗೆ ನೆನಪಿಸಬೇಕಾಗಿದೆ. ವರಕವಿ ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಇಲ್ಲಿಂದ ಹೊರಟ ಮೇಲೆ ಧಾರವಾಡ ಆಕಾಶವಾಣಿಯ ಸಲಹೆಗಾರರಾದರು. ಮಲ್ಲಿಕಾರ್ಜುನ ಮನ್ಸೂರರು ಅದೇ ಕೇಂದ್ರದಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಎನ್ಕೆ ಅವರಂಥ ಕಾದಂಬರಿಕಾರರು ಅಲ್ಲಿ ಕೆಲಸ ಮಾಡಿದರು. ಸಮ್ಮೇಳನದ ವೇದಿಕೆಯ ಮೇಲೆ ಬೇಂದ್ರೆಯವರ ಭಾವಚಿತ್ರಕ್ಕೆ ಹಾರ ಹಾಕುವ ನಾವೇ, ಅವರು ಕಟ್ಟಲು ಕೈಹಚ್ಚಿದ ಕೇಂದ್ರದ ದನಿಯನ್ನು ಹೊರಗೆ ನಿಲ್ಲಿಸಿದ ಕಾರಿನಿಂದ ತೆಗೆದು ಹಾಕಿ ಬಂದಿರುತ್ತೇವೆ.

ಹೊಸ ಸೆಟ್ಟಿನಲ್ಲಿಯೂ ರೇಡಿಯೋ ಇದೆಯಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಇದೆ, ಎಫ್‌ಎಂ ಇದೆ. ಅದರ ಅಲೆ ಬಹುಮಟ್ಟಿಗೆ ನೇರ ನೋಟದ ದಾರಿಯಲ್ಲೇ ಸಾಗುವಂಥದು. ಗುಡ್ಡ ಅಡ್ಡ ಬಂದರೆ ಮಂಕಾಗುತ್ತದೆ, ಭೂಮಿ ಬಾಗಿದಲ್ಲಿ ಮುಗಿಯುತ್ತದೆ. ಸಾಮಾನ್ಯ ಕೇಂದ್ರದ ಎಫ್‌ಎಂ ಐವತ್ತು ಅರವತ್ತು ಕಿಲೋಮೀಟರು ದಾಟಿದರೆ ಗೊರಗೊರ ಎನ್ನತೊಡಗುತ್ತದೆ. ಮೀಡಿಯಂ ವೇವ್ ಎಂದು ನಮ್ಮ ಹಿರಿಯರು ಕರೆಯುವ ಎಎಂ ಹಾಗಲ್ಲ. ಅದರ ಉದ್ದನೆಯ ಅಲೆ ನೆಲವನ್ನು ಹಿಡಿದು ಬಾಗಿ ಸಾಗುತ್ತದೆ. ಧಾರವಾಡದ ಪ್ರೇಷಕದ ಶಕ್ತಿ 200 ಕಿಲೋವಾಟ್. ಹಗಲಲ್ಲಿಯೇ ನೂರಾರು ಕಿಲೋಮೀಟರು ಹೋಗುವ ಆ ದನಿ ಕತ್ತಲಾದ ಮೇಲೆ ಆಕಾಶದ ಮೇಲಣ ಪದರಕ್ಕೆ ಬಡಿದು ಮರಳಿ ಇನ್ನೂ ದೂರಕ್ಕೆ ಇಳಿಯುತ್ತದೆ. ಎಫ್‌ಎಂನ ದನಿ ಹೆಚ್ಚು ತಿಳಿಯಾದದ್ದು, ಸಂಗೀತಕ್ಕೆ ಹೆಚ್ಚು ಒಗ್ಗುವಂಥದ್ದು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಿಳಿಯಾದ ದನಿ ಊರಿನಂಚಿನವರೆಗೆ ಬರದಿದ್ದರೆ ಊರಿನಂಚಿನಲ್ಲಿ ಇರುವವರಿಗೆ ಅದರಿಂದ ಏನು ಬಂತು? ರಾಜಧಾನಿಯಲ್ಲಿ ಕುಳಿತವರಿಗೆ ಎಎಂ ಬೇಡವಾಗಿರಬಹುದು. ಅದು ಮೊದಲಿನಿಂದಲೂ ದೂರದವರ ಬ್ಯಾಂಡು, ಮತ್ತು ದೂರದವರೆಂದರೆ ನಾವು.

ಇನ್ನು ಅಂಗಡಿಯಲ್ಲಿ ನಡೆಯುವುದನ್ನು ನೋಡೋಣ. ಗಿರಾಕಿ ಕೇಳುವ ಪ್ರಶ್ನೆಗಳು ನಾಲ್ಕು. ಪರದೆ ಎಷ್ಟು ಇಂಚು, ರ‍್ಯಾಮ್ ಎಷ್ಟು, ವಾಟ್ ಎಷ್ಟು, ಹಿಂದಿನ ಕ್ಯಾಮೆರಾ ಪುಕ್ಕಟೆಯೋ? ಇದರಲ್ಲಿ ಎಎಂ ಇದೆಯೇ ಎಂಬ ಐದನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅಗ್ಗದ ಸೆಟ್ಟುಗಳಲ್ಲಿ ಎಷ್ಟೋ ಸಲ ಅದು ಇರುವುದೇ ಇಲ್ಲ. ಇದ್ದರೂ ಅದಕ್ಕೊಂದು ವಿಚಿತ್ರ ಗತಿ ಒದಗುತ್ತದೆ. ಭಾರತದಲ್ಲಿ ಮಧ್ಯಮ ತರಂಗದ ಕೇಂದ್ರಗಳು 9 ಕಿಲೋಹರ್ಟ್ಸ್ ಅಂತರದಲ್ಲಿ ಕುಳಿತಿವೆ, ಅಮೆರಿಕದಲ್ಲಿ 10ರ ಅಂತರದಲ್ಲಿ. ಧಾರವಾಡದ 765, ಕಲಬುರಗಿಯ 1107, ಬೆಂಗಳೂರಿನ 612, ಭದ್ರಾವತಿಯ 675, ಮಂಗಳೂರಿನ 1089 ಎಲ್ಲವೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳು. ಬೇಕಾದರೆ ಮಕ್ಕಳಿಂದ ಮಗ್ಗಿ ಹೇಳಿಸಿ ನೋಡಬಹುದು. ಹೊರಗಿನ ಸೆಟ್ಟಿನೊಳಗೆ ರೇಡಿಯೋದ ಪ್ರದೇಶ ಅಮೆರಿಕ ಎಂದು ಇದ್ದರೆ ಅದು 760ಕ್ಕೆ ನಿಲ್ಲುತ್ತದೆ, ಆಮೇಲೆ 770ಕ್ಕೆ ಹಾರುತ್ತದೆ. ನಡುವಿನ ಧಾರವಾಡ ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಎಫ್‌ಎಂಗೂ ಅದೇ ಅವಸ್ಥೆ: ಅಮೆರಿಕದ ಎಣಿಕೆಯಲ್ಲಿ ದಶಾಂಶದ ನಂತರ ಬೆಸ ಅಂಕೆ ಮಾತ್ರ ಬರುವುದರಿಂದ, ತಾಳವಾಡಿಯ ಕಡೆಯವರು ಕೇಳುವ ಮೈಸೂರಿನ 100.6 ಅಲ್ಲಿ ಸರಿಯಾಗಿ ಕೂರುವುದಿಲ್ಲ. ಸೆಟ್ಟಿಂಗಿಗೆ ಹೋಗಿ ಪ್ರದೇಶವನ್ನು ಯುರೋಪ್ ಎಂದು ಬದಲಿಸಿದರೆ ಎಎಂ ಒಂಬತ್ತರ ಹೆಜ್ಜೆಗೆ ಬರುತ್ತದೆ. ಎರಡು ನಿಮಿಷದ ಕೆಲಸ. ಅದನ್ನು ಮಾಡದೆ ಗಾಡಿಯನ್ನು ಕೈಗೆ ಕೊಡುತ್ತಾರೆ, ನಾವು ರೇಡಿಯೋ ಸತ್ತುಹೋಯಿತೆಂದು ಷರಾ ಬರೆದು ಮುಂದೆ ನಡೆಯುತ್ತೇವೆ.

ಆಂಟೆನಾದ ಕಥೆ ಇದಕ್ಕಿಂತ ಬೇಸರದ್ದು. ಈಗಿನ ಎಷ್ಟೋ ಕಾರುಗಳ ಚಾವಣಿಯ ಮೇಲೆ ಗೇಣುದ್ದದ ಗಿಡ್ಡ ಆಂಟೆನಾ ಇರುತ್ತದೆ. ಅಷ್ಟು ಗಿಡ್ಡ ಕಡ್ಡಿ ಹಿಡಿಯುವ ದನಿ ಕ್ಷೀಣವಾದ್ದರಿಂದ ಅದರ ಬುಡದಲ್ಲಿಯೇ ಒಂದು ಪುಟ್ಟ ಆಂಪ್ಲಿಫೈಯರ್ ಕೂಡಿಸಿರುತ್ತಾರೆ. ಅದಕ್ಕೆ ಹನ್ನೆರಡು ವೋಲ್ಟಿನ ವಿದ್ಯುತ್ತು ಸೆಟ್ಟಿನಿಂದಲೇ ಹೋಗಬೇಕು. ಹೊರಗಿನ ಸೆಟ್ಟುಗಳಲ್ಲಿ ಇದಕ್ಕಾಗಿ ಇರುವುದು ಸಾಮಾನ್ಯವಾಗಿ ನೀಲಿ ತಂತಿ. ಹಳದಿ ಬ್ಯಾಟರಿಯದು, ಕೆಂಪು ಚಾವಿಯದು, ಕಪ್ಪು ಅರ್ಥಿಂಗಿನದು. ಈ ಮೂರನ್ನು ಕೂಡಿಸಿದರೆ ಪರದೆ ಬೆಳಗುತ್ತದೆ, ಹಾಡು ಬರುತ್ತದೆ, ಗಿರಾಕಿ ದುಡ್ಡು ಕೊಡುತ್ತಾನೆ. ನೀಲಿ ತಂತಿಯ ತುದಿಗೆ ಟೇಪು ಸುತ್ತಿ ಡ್ಯಾಶ್‌ಬೋರ್ಡಿನೊಳಗೆ ತುರುಕಿಬಿಡುತ್ತಾರೆ. ಆಂಟೆನಾ ಚಾವಣಿಯ ಮೇಲೆ ಅಲಂಕಾರಕ್ಕೆ ನಿಲ್ಲುತ್ತದೆ. ಮೊದಲು ಸ್ಪಷ್ಟವಾಗಿ ಕೇಳುತ್ತಿದ್ದ ಕಲಬುರಗಿ ಈಗ ಬರಿ ಸದ್ದು. ಇದರ ಮೇಲೆ ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿದ ಅಗ್ಗದ ಮೊಬೈಲ್ ಚಾರ್ಜರು, ರಸ್ತೆ ಚಿತ್ರೀಕರಿಸುವ ಕ್ಯಾಮೆರಾ, ಹೊರಗಿನಿಂದ ಹಾಕಿಸಿದ ಎಲ್‌ಇಡಿ ದೀಪ ಇವೆಲ್ಲ ಎಎಂ ಬ್ಯಾಂಡಿನಲ್ಲಿ ಜೀರುಂಡೆಯಂತೆ ಕಿರುಚುತ್ತವೆ. ಸರಕಾರವನ್ನು ಬೈಯುವ ಮೊದಲು ಒಮ್ಮೆ ಚಾರ್ಜರನ್ನು ಕಿತ್ತು ನೋಡಬೇಕು.

ಎಲ್ಲಕ್ಕಿಂತ ದೊಡ್ಡ ವಿಪರ್ಯಾಸ ಬೇರೆಯೇ ಇದೆ. ಆಕಾಶವಾಣಿ ತನ್ನ ಮಧ್ಯಮ ತರಂಗದ ಪ್ರೇಷಕಗಳಲ್ಲಿ 30ಕ್ಕೂ ಹೆಚ್ಚನ್ನು ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಗೆ ಸಿದ್ಧಗೊಳಿಸಿತು. ಅದೇ ದೂರ, ಆದರೆ ಎಫ್‌ಎಂಗೆ ಸಮೀಪವಾದ ತಿಳಿತನ. ಅದನ್ನು ಹಿಡಿಯುವ ರೇಡಿಯೋ ಅಂಗಡಿಯಲ್ಲಿ ಕೊಳ್ಳಲು ಹೋದರೆ ದುರ್ಲಭ, ಬೆಲೆಯೂ ಹೆಚ್ಚು. ಆದರೆ ಮಾರುತಿ ಸುಜುಕಿ, ಹ್ಯುಂಡೈ ಮುಂತಾದವರು ತಮ್ಮ ಕೆಲವು ಮಾದರಿಗಳ ಕಂಪನಿ ಸೆಟ್ಟಿನೊಳಗೇ ಅದನ್ನು ಕೂಡಿಸಿ ಕೊಟ್ಟರು. ನಮ್ಮಲ್ಲಿ ಎಷ್ಟು ಜನ ಆ ಮೂರಕ್ಷರದ ಗುಂಡಿಯನ್ನು ಒತ್ತಿ ನೋಡಿದ್ದೇವೆ? ಒತ್ತಿಯೂ ನೋಡದೆ, ಇದು ಹಳೆಯ ಕಾಲದ ಸೆಟ್ಟು ಎಂದು ಅದನ್ನು ತೆಗೆಸಿ, ಸಾವಿರಾರು ರೂಪಾಯಿ ತೆತ್ತು, ಅದಕ್ಕಿಂತ ಹಿಂದಿನ ರೇಡಿಯೋ ಇರುವ ಹೊಸ ಸೆಟ್ಟನ್ನು ಹಾಕಿಸಿಕೊಂಡವರು ನಮ್ಮೊಳಗೇ ಇದ್ದಾರೆ.

ಈಗ ನಮ್ಮ ಮಾತಿಗೆ ಬರುವ ಮುಖ್ಯ ಆಕ್ಷೇಪಣೆ. ರೇಡಿಯೋದ ಕಾಲ ಮುಗಿಯಿತು, ಎಲ್ಲವೂ ಮೊಬೈಲಿನಲ್ಲಿದೆ, ಆಕಾಶವಾಣಿಯದೇ ನ್ಯೂಸ್ ಆನ್ ಏರ್ ಆ್ಯಪ್ ಇದೆ, ಅದರಲ್ಲಿ ಕನ್ನಡದ ಕೇಂದ್ರಗಳೆಲ್ಲ ಸಿಗುತ್ತವೆ, ಹೊಸ ಸೆಟ್ಟಿಗೆ ಬ್ಲೂಟೂತ್ ಜೋಡಿಸಿದರೆ ಮುಗಿಯಿತು ಎನ್ನುತ್ತಾರೆ. ಆ ಆ್ಯಪ್ ಒಳ್ಳೆಯದು. ಪುಣೆ ಮುಂಬಯಿಗಳಿಗೆ ದುಡಿಯಲು ಹೋದ ನಮ್ಮ ಮಕ್ಕಳಿಗೆ ಅದೇ ಗತಿ, ಅದನ್ನು ಬಳಸಲಿ. ಆದರೆ ಜತ್ತದ ಪೂರ್ವದ ಹಳ್ಳಿಗಳ ನಡುವೆ ಗಾಡಿ ಓಡಿಸುವವರಿಗೆ ನೆಟ್‌ವರ್ಕ್ ಎಲ್ಲಿ ಬಿಟ್ಟುಹೋಗುತ್ತದೆಂದು ಮರಗಳ ಗುರುತಿನ ಸಮೇತ ಗೊತ್ತು. ಗಾಡಿ ಓಡಿಸುವಾಗ ಕೈಯಲ್ಲಿ ಮೊಬೈಲು ಹಿಡಿಯುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ, ರೇಡಿಯೋದ ಗುಂಡಿಗೆ ಕಣ್ಣೂ ಬೇಕಿಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಮೊಬೈಲಿನಲ್ಲಿ ಕನ್ನಡ ಕೇಳಬೇಕಾದರೆ ಕನ್ನಡ ಬೇಕೆಂದು ಪ್ರತಿಸಲವೂ ನಾವೇ ಹುಡುಕಬೇಕು. ಹುಡುಕದಿದ್ದರೆ ಅದು ತಾನೇ ತಿಳಿದಂತೆ ಹಿಂದಿಯ ಹಾಡು ಬಡಿಸುತ್ತದೆ. ರೇಡಿಯೋದಲ್ಲಿ ಕನ್ನಡ ತಾನಾಗಿ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಕುಳಿತ, ಕನ್ನಡ ಓದಲು ಬಾರದ ನಮ್ಮ ಮೊಮ್ಮಕ್ಕಳ ಕಿವಿಗೆ, ಅವರು ಕೇಳದೆಯೇ, ಒಳ್ಳೆಯ ಕನ್ನಡ ಬೀಳುತ್ತಿತ್ತು. ಮರಾಠಿಯೊಡನೆ ನಮಗೆ ಜಗಳವಿಲ್ಲ, ಅದು ನಮ್ಮ ನೆರೆಮನೆಯ ಮಾತು, ಅರ್ಧ ನಮ್ಮ ಮನೆಯದೂ ಹೌದು. ಜಗಳವಿರುವುದು ನಮ್ಮ ಆಲಸ್ಯದೊಡನೆ.

ಲಿಪಿಯ ಮಾತನ್ನೂ ಇಲ್ಲಿಯೇ ಆಡಿಬಿಡಬೇಕು. ಪೆನ್‌ಡ್ರೈವಿನಲ್ಲಿ ವಚನಗಳನ್ನು ತುಂಬಿ ಕಡತಗಳಿಗೆ ಕನ್ನಡದಲ್ಲಿ ಹೆಸರಿಟ್ಟರೆ ಅನೇಕ ಸೆಟ್ಟುಗಳ ಪರದೆಯ ಮೇಲೆ ಸಾಲಾಗಿ ಖಾಲಿ ಚೌಕಗಳು ಮೂಡುತ್ತವೆ. ಕೆಲವು ಅಕ್ಷರಗಳನ್ನೇನೋ ತೋರಿಸುತ್ತವೆ, ಒತ್ತಕ್ಷರ ಕೂಡಿಸಲು ಬಾರದೆ ಅಕ್ಕಮಹಾದೇವಿಯನ್ನು ‘ಅಕ್‌ಕಮಹಾದೇವಿ’ ಎಂದು ಮುರಿದು ಹಾಕುತ್ತವೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗವಿದೆ, ಉಚಿತವಾದ ಅಕ್ಷರವಿನ್ಯಾಸಗಳಿವೆ, ಒತ್ತಕ್ಷರ ಕೂಡಿಸುವ ತಂತ್ರಾಂಶವೂ ಉಚಿತವಾಗಿಯೇ ಸಿಗುತ್ತದೆ. ಮೊಬೈಲನ್ನು ಜೋಡಿಸಿ ಆಂಡ್ರಾಯ್ಡ್ ಆಟೋ ತೆರೆದರೆ ಅದೇ ಪರದೆಯ ಮೇಲೆ ಅಕ್ಕಮಹಾದೇವಿ ಅಖಂಡವಾಗಿ ಬರುತ್ತಾಳೆ. ಅಂದರೆ ಪರದೆಗೆ ಶಕ್ತಿಯಿದೆ, ಮಾಡಿದವನಿಗೆ ಮನಸ್ಸಿಲ್ಲ. ಮನಸ್ಸು ಏಕೆ ಬಂದೀತು? ಚೌಕಗಳನ್ನು ಕಂಡ ನಾವು ಸೆಟ್ಟನ್ನು ಮರಳಿಸುವುದಿಲ್ಲ. ಮನೆಗೆ ಬಂದು ಕಡತಗಳ ಹೆಸರನ್ನು ರೋಮನ್ ಲಿಪಿಗೆ ತಿದ್ದಿಕೊಳ್ಳುತ್ತೇವೆ. ಮಹಾಜನ ವರದಿಯ ಕುರಿತು ಸಮ್ಮೇಳನಗಳಲ್ಲಿ ನಿರ್ಣಯ ಮಂಡಿಸುವ ನಮಗೆ, ಐದು ಇಂಚಿನ ಫಲಕದ ಮೇಲೆ ಕನ್ನಡ ಕೊಡು ಎಂದು ಅಂಗಡಿಯವನನ್ನು ಕೇಳುವ ಬಾಯಿ ಇಲ್ಲ.

ಹಾಗಾದರೆ ಕಂಪನಿ ಕೊಟ್ಟದ್ದನ್ನೇ ಕಣ್ಣಿಗೊತ್ತಿಕೊಂಡು ಇರಬೇಕೆ? ಖಂಡಿತ ಬೇಡ. ಕಂಪನಿಯವರು ಹಾಕುವ ಸ್ಪೀಕರುಗಳು ಬಹುಮಟ್ಟಿಗೆ ತೆಳು ಕಾಗದದವು, ಉಳಿತಾಯಕ್ಕೆಂದೇ ಆರಿಸಿದವು. ಅವುಗಳನ್ನು ಬದಲಿಸಿದರೆ ಹಾಡಿಗೆ ಜೀವ ಬರುತ್ತದೆಂಬುದು ನಿಜ. ಆದರೆ ಅದಕ್ಕೆ ಸೆಟ್ಟನ್ನು ಕೀಳಬೇಕಿಲ್ಲ. ಕಂಪನಿ ಸೆಟ್ಟಿನ ಸ್ಪೀಕರ್ ತಂತಿಗಳಿಂದಲೇ ದನಿಯನ್ನು ತೆಗೆದುಕೊಳ್ಳುವ ಆಂಪ್ಲಿಫೈಯರುಗಳು ಪೇಟೆಯಲ್ಲಿವೆ. ಸ್ಪೀಕರು ಬದಲಿಸಿ, ಬೇಕಾದವರು ಆಂಪ್ಲಿಫೈಯರು ಕೂಡಿಸಿ, ರೇಡಿಯೋವನ್ನು ಅದರ ಪಾಡಿಗೆ ಬಿಟ್ಟರೆ ಖರ್ಚೂ ಕಡಿಮೆಯಾದೀತು. ಪೆಟ್ಟಿಗೆಯ ಮೇಲೆ ಅಚ್ಚಾದ ‘50 ವಾಟ್ ನಾಲ್ಕು’ ಎಂಬುದನ್ನು ನಂಬುವವರಿಗೆ ಒಂದು ಮಾತು. ಅದು ಕ್ಷಣಮಾತ್ರದ ಗರಿಷ್ಠ. ಹೊರಗಿನ ಆಂಪ್ಲಿಫೈಯರ್ ಇಲ್ಲದ ಸೆಟ್ಟು ನಿರಂತರವಾಗಿ ಒಂದೊಂದು ಸ್ಪೀಕರಿಗೆ ಕೊಡಬಲ್ಲದ್ದು ಇಪ್ಪತ್ತು ವಾಟಿನ ಆಸುಪಾಸು, ಕಂಪನಿ ಸೆಟ್ಟು ಕೊಡುವುದೂ ಅದಕ್ಕೆ ಬಹಳ ದೂರವಲ್ಲ.

ಮತ್ತು ಡಿಕ್ಕಿಯಲ್ಲಿ ಕೂಡಿಸುವ ಆ ಗುಡುಗಿನ ಪೆಟ್ಟಿಗೆ. ಸಬ್‌ವೂಫರಿನ ರಾಜ್ಯ ನೂರು ಹರ್ಟ್ಸಿನ ಕೆಳಗೆ. ಮನುಷ್ಯ ಆಡುವ ಮಾತಿನ ಅರ್ಥವೆಲ್ಲ ಅಡಗಿರುವುದು ಅದರ ಎಷ್ಟೋ ಮೇಲೆ. ಸಕಾರ ಷಕಾರಗಳ ಭೇದ, ತಕಾರ ಟಕಾರಗಳ ಭೇದ ತಿಳಿಯುವುದು ಸಾವಿರ ಹರ್ಟ್ಸುಗಳ ಲೆಕ್ಕದಲ್ಲಿ. ನಮ್ಮ ವಚನ ಗಾಯನ, ತತ್ವಪದ, ಭಾವಗೀತೆ ಇವುಗಳಲ್ಲಿ ಮಾತೇ ಮುಂದೆ, ತಾಳ ಅದರ ಹಿಂದೆ. ಕಿಟಕಿಯ ಗಾಜು ನಡುಗುವಂತೆ ಕೆಳದನಿಯನ್ನು ಏರಿಸಿ, ಮೇಲ್ದನಿಯನ್ನು ಮುಚ್ಚಿಟ್ಟು, ‘ಕನ್ನಡ ಹಾಡು ಹಾಕಿದ್ದೇವೆ’ ಎನ್ನುವ ರಾಜ್ಯೋತ್ಸವದ ಮೆರವಣಿಗೆಯ ಗಾಡಿಗಳನ್ನು ನಾವು ನೋಡುತ್ತಲೇ ಬಂದಿದ್ದೇವೆ. ಅಲ್ಲಿ ಹಾಡಿದ್ದು ಕನ್ನಡವೋ ಮತ್ತೊಂದೋ ಯಾರಿಗೂ ತಿಳಿಯುವಂತಿಲ್ಲ.

ಅಮೆರಿಕದಲ್ಲಿ 2023ರಲ್ಲಿ ಫೋರ್ಡ್ ಕಂಪನಿ ತನ್ನ ಹೊಸ ವಾಹನಗಳಿಂದ ಎಎಂ ತೆಗೆಯುವುದಾಗಿ ಹೇಳಿತ್ತು. ಅಲ್ಲಿಯ ಹಳ್ಳಿಗಾಡಿನ ಕೇಳುಗರೂ ಜನಪ್ರತಿನಿಧಿಗಳೂ ದನಿಯೆತ್ತಿದರು. ಅದೇ ವರ್ಷ ಮೇ ತಿಂಗಳಲ್ಲಿ ಕಂಪನಿ ತನ್ನ ಮಾತನ್ನು ಹಿಂತೆಗೆದುಕೊಂಡಿತು. ಅಲ್ಲಿ ಕಂಪನಿ ಕೀಳಲು ಹೊರಟಾಗ ಜನ ತಡೆದರು. ಇಲ್ಲಿ ಕಂಪನಿ ಕೊಟ್ಟದ್ದನ್ನು ಜನವೇ ಕೂಲಿ ಕೊಟ್ಟು ಕೀಳಿಸುತ್ತಾರೆ. ನಮ್ಮ ದೇಶದಲ್ಲಿಯೂ ಹಲವೆಡೆ ಮಧ್ಯಮ ತರಂಗದ ಪ್ರೇಷಕಗಳನ್ನು ಮುಚ್ಚಲಾಗಿದೆ. ಕೇಳುವವರಿಲ್ಲ ಎಂಬುದು ಅಂಥ ಮುಚ್ಚುಗಡೆಗೆ ಸುಲಭವಾಗಿ ಸಿಗುವ ಸಮರ್ಥನೆ. ಧಾರವಾಡ ಕಲಬುರಗಿಗಳ ವಿಷಯದಲ್ಲಿ ಅದೇ ಮಾತು ಬಂದ ದಿನ, ಕೇಳುವವರು ಇದ್ದೇವೆ ಎಂದು ಎದ್ದು ನಿಲ್ಲಲು ನಮ್ಮ ಗಾಡಿಗಳಲ್ಲಿ ಆ ಬ್ಯಾಂಡು ಇರಬೇಕಲ್ಲವೇ?

ಎಲ್ಲ ಗಡಿಯ ಅವಸ್ಥೆ ಒಂದೇ ಅಲ್ಲವೆಂಬುದು ನಮಗೆ ತಿಳಿದಿದೆ. ಹೊಸೂರಿನವರಿಗೆ ಬೆಂಗಳೂರಿನ ಎಫ್‌ಎಂಗಳು ಕೂಗಳತೆಯಲ್ಲಿವೆ, ಕಾಸರಗೋಡಿನ ಕರಾವಳಿಗೆ ಮಂಗಳೂರು ಹತ್ತಿರ. ಅವರಿಗೆ ಎಎಂಗಿಂತ ಲಿಪಿಯ ಪ್ರಶ್ನೆ ದೊಡ್ಡದೆನಿಸಬಹುದು. ಆದರೆ ಕಾಸರಗೋಡಿನ ಪೂರ್ವದ ಗುಡ್ಡಗಳ ಮರೆಯಲ್ಲಿರುವ ಬಂಧುಗಳು, ಆದವಾನಿ ಮಡಕಶಿರಾಗಳ ಒಳಹಳ್ಳಿಯ ಬಂಧುಗಳು ನಮ್ಮ ಮಾತನ್ನು ಎರಡನೆಯ ಸಲ ಹೇಳಿಸಿಕೊಳ್ಳಲಾರರು.

ಈ ಸಮ್ಮೇಳನದ ನಿರ್ಣಯಗಳ ಪಟ್ಟಿಯಲ್ಲಿ ಶಾಲೆ, ಶಿಕ್ಷಕ, ಫಲಕಗಳ ಜೊತೆಗೆ ಇನ್ನೊಂದು ಸಾಲು ಸೇರಲಿ ಎಂದು ನಾವು ಕೇಳುತ್ತೇವೆ: ಗಡಿಭಾಗದ ಮಧ್ಯಮ ತರಂಗದ ಕನ್ನಡ ಪ್ರಸಾರ ನಿಲ್ಲಬಾರದು, ಮತ್ತು ಇಲ್ಲಿ ಮಾರುವ ಕಾರಿನ ಸೆಟ್ಟುಗಳು ಕನ್ನಡವನ್ನು ಮುರಿಯದೆ ತೋರಿಸಬೇಕು. ನಿರ್ಣಯ ಮುಂಬಯಿಗೂ ಬೆಂಗಳೂರಿಗೂ ದಿಲ್ಲಿಗೂ ಹೋಗಿ ಉತ್ತರ ಬರುವುದು ತಡವಾದೀತು. ಅಲ್ಲಿಯವರೆಗೆ ಕಾಯದೆ ಮಾಡಬಹುದಾದ ಕೆಲಸವಿದೆ. ಸೆಟ್ಟು ಬದಲಿಸಲೇಬೇಕೆನ್ನುವವರು ದುಡ್ಡು ಕೊಡುವ ಮುನ್ನ ಅಂಗಡಿಯ ಮುಂದೆಯೇ ಎಎಂ ಹಾಕಿಸಿ 765ಕ್ಕೂ 1107ಕ್ಕೂ ತಿರುಗಿಸಿ ಕೇಳಲಿ. ನೀಲಿ ತಂತಿ ಎಲ್ಲಿಗೆ ಹೋಗಿದೆಯೆಂದು ಬೆರಳಿಟ್ಟು ತೋರಿಸಲು ಹೇಳಲಿ. ಕಂಪನಿಯ ತಂತಿಗಳನ್ನು ಕತ್ತರಿಸಲು ಬಿಡದೆ, ಆ ಮಾದರಿಗೆ ಹೊಂದುವ ಕಪ್ಲರ್ ಹಾಕಿಯೇ ಜೋಡಿಸಲು ಹೇಳಲಿ. ಈಗಾಗಲೇ ಬದಲಿಸಿದವರ ಹಳೆಯ ಸೆಟ್ಟುಗಳು ಹಲವರ ಮನೆಯ ಅಟ್ಟದ ಮೇಲೆ, ತಾಮ್ರದ ಹಂಡೆಯ ಪಕ್ಕದಲ್ಲಿ, ಪೆಟ್ಟಿಗೆಯ ಸಮೇತ ಇವೆ. ತಂತಿ ಕತ್ತರಿಸದೆ ಉಳಿದಿದ್ದರೆ ಅವುಗಳನ್ನು ಮರಳಿ ಕೂಡಿಸುವುದು ಒಂದು ಮಧ್ಯಾಹ್ನದ ಕೆಲಸ. ಮೊದಲ ಸಲ ಹಚ್ಚುವಾಗ ಕೆಲವು ಸೆಟ್ಟು ನಾಲ್ಕಂಕಿಯ ಗುಪ್ತ ಸಂಖ್ಯೆ ಕೇಳುತ್ತವೆ. ಅದನ್ನು ಗಾಡಿಯ ಕಾಗದಪತ್ರದ ಚೀಲದಲ್ಲಿ ಹುಡುಕಬೇಕು.